ಅಡುಗೆಮನೆಯಲ್ಲಿ ಬಿದ್ದ ಗೋಲು

ಬೆಲಿಸಾರಿಯೊ ಉಮಾನ್ಯಾ ಆ ಭಾನುವಾರ ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ನಮ್ಮ ಕೇರಿಯಲ್ಲಿ ಇಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ. ಅವನು ಕೆಟ್ಟವನಲ್ಲ. ಕಾಫಿ ಗಿರಣಿಯಲ್ಲಿ ತೂಕ ನೋಡುವ ಕೆಲಸ ಮಾಡಿ ನಿವೃತ್ತನಾದವನು, ಭಾನುವಾರ ತಪ್ಪದೆ ಪೂಜೆಗೆ ಹೋಗುವವನು. ಆದರೆ ಹೆಂಡತಿಯ ಅಣ್ಣ ಮನೆಗೆ ಬಂದಾಗ ಅವನ ತಲೆಯಲ್ಲಿ ಏನೋ ಕಳಚಿಕೊಳ್ಳುತ್ತದೆ.

ಅವತ್ತು ರಾಜಧಾನಿಯಿಂದ ಬಂದಿದ್ದ ವಿನಿಸಿಯೊ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, "ಹೊಸ ಮನೆ ಹುಡುಕೋದು ತುಂಬ ಸುಲಭ ಕಣಯ್ಯಾ. ದೇಶದ ಅಧ್ಯಕ್ಷರ ಸೋದರತ್ತೆ ಮನೆಯಿಂದ ನೂರು ಮೀಟರ್ ಪಶ್ಚಿಮಕ್ಕೆ. ಯಾರನ್ನ ಕೇಳಿದ್ರೂ ತೋರಿಸ್ತಾರೆ" ಅಂದ.

ನಮ್ಮ ಕಡೆ ಬೀದಿಗೆ ಹೆಸರು, ಮನೆಗೆ ನಂಬರು ಅಂತ ಯಾರೂ ತಲೆ ಕೆಡಿಸಿಕೊಂಡಿಲ್ಲ. ಊರಿಗೆಲ್ಲ ಗೊತ್ತಿರುವ ಒಂದು ಗುರುತು ಹೇಳಿ, ಅಲ್ಲಿಂದ ಯಾವ ದಿಕ್ಕಿಗೆ ಎಷ್ಟು ಮೀಟರ್ ಎಂದರೆ ವಿಳಾಸ ಮುಗಿಯಿತು. ಆ ಗುರುತು ಈಗಲೂ ಇರಬೇಕೆಂಬ ನಿಯಮವೇನೂ ಇಲ್ಲ. ಸುಟ್ಟುಹೋದ ಸಿನಿಮಾ ಮಂದಿರ, ಸತ್ತುಹೋದ ದಂತವೈದ್ಯ, ಕಡಿದುಹಾಕಿದ ಅತ್ತಿಮರ, ಇವುಗಳಿಂದ ಅಳೆದುಕೊಂಡೇ ನಾವು ಹುಟ್ಟಿ, ಮದುವೆಯಾಗಿ, ಕಾಗದ ಪಡೆದು ಬದುಕಿದ್ದೇವೆ. ಆದ್ದರಿಂದ ಒಬ್ಬನ ಮರ್ಯಾದೆ ಅವನ ಮನೆ ಎಷ್ಟು ದೊಡ್ಡದು ಎಂಬುದರಲ್ಲಿಲ್ಲ, ಯಾವ ಗುರುತಿನಿಂದ ಅಳೆಯುತ್ತಾರೆ ಎಂಬುದರಲ್ಲಿದೆ. ಬೆಲಿಸಾರಿಯೊನ ವಿಳಾಸ ಹೀಗಿತ್ತು: ಹಂದಿ ಕೊಯ್ಯುವ ಕುಂಟ ಇದ್ದ ಮನೆಯಿಂದ ಐವತ್ತು ಮೀಟರ್ ದಕ್ಷಿಣಕ್ಕೆ.

"ನಿಮ್ಮದಿನ್ನೂ ಹಂದಿಯಿಂದಾನೇ ಶುರುವಾಗುತ್ತಾ?" ಅಂತ ವಿನಿಸಿಯೊ ನಕ್ಕ.

ಬೆಲಿಸಾರಿಯೊ ಲೋಟ ಕೆಳಗಿಟ್ಟ. "ಭಾವಾ, ನೀವು ಕಾಫಿ ಕುಡೀತಿರೋ ಈ ಮನೆ ಯಾವುದು ಅಂದ್ಕೊಂಡಿದ್ದೀರಿ? ಆ ಅಡುಗೆಮನೆ ಕಾಣ್ತಿದೆಯಲ್ಲ, ಒಲೆ ಇರೋ ಜಾಗ? ಟ್ರಿನಿ ಓಬಾಂಡೊ ಗೋಲು ಹೊಡೆದದ್ದು ಅಲ್ಲೇ!"

ಒಳಗೆ ಒಲೆಯ ಮುಂದಿದ್ದ ಅವನ ಹೆಂಡತಿ ಡೋನ್ಯಾ ಎರ್ಮಿನಿಯಾ (ನಮ್ಮಲ್ಲಿ ಮರ್ಯಾದೆಗೆ ಹೆಂಗಸರನ್ನು ಡೋನ್ಯಾ, ಗಂಡಸರನ್ನು ಡಾನ್ ಎನ್ನುತ್ತೇವೆ) ತಿರುಗಿ ನೋಡಿದರು. ಮೂವತ್ತು ವರ್ಷ ಆ ಒಲೆಯ ಮುಂದೆ ನಿಂತವರಿಗೆ ಈ ಸಂಗತಿ ಅವತ್ತೇ ಗೊತ್ತಾದದ್ದು.

ಆ ಗೋಲಿನ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮೂರು ಸಾನ್ ಹೆರ್ವಾಸಿಯೊದಲ್ಲಿ ಹಿಂದೆ ಯೂಗೊ ಎಂಬ ಫುಟ್ಬಾಲ್ ಕ್ಲಬ್ ಇತ್ತು. ಯೂಗೊ ಎಂದರೆ ನೊಗ. ಆಟಗಾರರಲ್ಲಿ ಅರ್ಧ ಜನ ಕಾಫಿ ಸಾಗಿಸುವ ಎತ್ತಿನ ಗಾಡಿಯವರಾಗಿದ್ದರಿಂದ ಆ ಹೆಸರು. ಮೊದಲ ಅಂಗಿಗಳನ್ನು ಹೊಲಿದದ್ದು ಕಾಫಿ ಮೂಟೆಯ ಗೋಣಿಯಲ್ಲಿ. ಎದುರಾಳಿಗಳು ನಮ್ಮವರ ಅಂಗಿ ಹಿಡಿದು ಎಳೆದರೆ ಅವರ ಕೈಯೇ ತರಚುತ್ತಿತ್ತು. ಗೋಲು ಕಾಯುತ್ತಿದ್ದವನು ಚರ್ಚಿನ ಗಂಟೆ ಹೊಡೆಯುವವನು. ಗಂಟೆಯ ಹೊತ್ತಾದರೆ ಆಟ ಎಲ್ಲೇ ಇರಲಿ, ಗೋಲು ಬಿಟ್ಟು ಗೋಪುರ ಹತ್ತುತ್ತಿದ್ದ. ಯೂಗೊ ಸೋತ ಪಂದ್ಯಗಳಲ್ಲಿ ಎಷ್ಟೋ ದೇವರ ಸೇವೆಯಲ್ಲಿ ಸೋತವು.

ಆದರೂ ಒಂದು ಸಲ ಪ್ರಾಂತ್ಯದ ಕಪ್ ಗೆದ್ದರು, ಮೂರು ಸಲ ಎರಡನೆಯವರಾದರು. ಆಮೇಲೆ ಆ ದಿನ ಬಂತು. ದಕ್ಷಿಣದ ದೊಡ್ಡ ದೇಶದಿಂದ ಪ್ರವಾಸ ಬಂದಿದ್ದ ಚಾಂಪಿಯನ್ ತಂಡದ ರೈಲು ಗುಡ್ಡ ಜರಿದು ನಮ್ಮೂರಲ್ಲೇ ನಿಂತುಬಿಟ್ಟಿತು. ಕೂತು ಕೂತು ಬೇಜಾರಾದ ಅವರು ಒಂದು ಆಟ ಆಡೋಣ ಎಂದರು. ಆಟಕ್ಕೆ ಮುಂಚೆ ನಮ್ಮ ತಾಯಂದಿರು ಅವರಿಗೆ ಹಂದಿಮಾಂಸ ತುಂಬಿ ಬಾಳೆಲೆಯಲ್ಲಿ ಬೇಯಿಸಿದ ಮೆಕ್ಕೆಜೋಳದ ಕಡುಬು, ತಮಾಲೆಗಳನ್ನು ಬಡಿಸಿದರು. ಬೇಡ ಬೇಡ ಎಂದರೂ ಬಿಡದೆ ಬಡಿಸಿದರು. ಗೆಲುವಿನಲ್ಲಿ ಆ ತಾಯಂದಿರ ಪಾಲು ಹಿರಿದು ಎನ್ನುವವರು ಈಗಲೂ ಇದ್ದಾರೆ. ಬೇಸಿಗೆಯ ಗಾಳಿಗೆ ಮೈದಾನದಲ್ಲಿ ಎದುರಿಗಿದ್ದವನ ಮುಖ ಕಾಣದಷ್ಟು ಧೂಳು. ಕೊನೆಯ ಗಳಿಗೆಯಲ್ಲಿ ಆ ಧೂಳಿನೊಳಗಿಂದ ಚೆಂಡು ಬಲೆಗೆ ಬಿತ್ತು. ಟ್ರಿನಿ ಓಬಾಂಡೊ! ಒಂದು, ಸೊನ್ನೆ!

ಆಗ ನಾನು ಏಳು ವರ್ಷದವನು, ಅಪ್ಪನ ಹೆಗಲ ಮೇಲೆ ಕೂತಿದ್ದೆ. ಅಪ್ಪ ಮಾತಿನ ಮನುಷ್ಯನಲ್ಲ. ಅವತ್ತು ಅವರು ಕೂಗಿದ ಕೂಗು ಅವರ ಬೆನ್ನಿನಿಂದ ಹತ್ತಿ ನನ್ನ ಹೊಟ್ಟೆಗೆ ಬಂದದ್ದು ನನಗೆ ಇವತ್ತಿಗೂ ನೆನಪಿದೆ.

ಆಮೇಲೆ ಕಾಫಿ ಬೆಲೆ ಬಿತ್ತು, ಗಾಡಿಗಳು ಹೋಗಿ ಲಾರಿಗಳು ಬಂದವು, ಗಿರಣಿಯವರು ಮೈದಾನವನ್ನು ತುಂಡು ಮಾಡಿ ಮಾರಿದರು. ಕೊಂಡವರು ನಾವೇ. ನನ್ನ ಚಪ್ಪಲಿ ರಿಪೇರಿ ಅಂಗಡಿ ಇರುವುದು ಬಲಗಡೆಯ ಮೂಲೆ ಬಾವುಟದ ಆಸುಪಾಸಿನಲ್ಲಿ. ಕೇರಿಯ ಜನರೆಲ್ಲ ಐವತ್ತು ವರ್ಷದ ಹಿಂದೆ ಎಲ್ಲಿ ನಿಂತು ಕುಣಿದಿದ್ದರೋ ಅಲ್ಲೇ ಈಗ ಮಂಚ ಹಾಕಿಕೊಂಡು ಮಲಗುತ್ತಾರೆ.

ವಿನಿಸಿಯೊ ಅವತ್ತು ನಿಜವಾಗಿಯೂ ಬೆರಗಾದ. ಎದ್ದು ಹೋಗಿ ಒಲೆಗೆ ಕೈ ಮುಗಿಯುವುದೊಂದು ಬಾಕಿ. ಅಷ್ಟಕ್ಕೇ ಸುಮ್ಮನಿರಬಾರದೇ? ಬೆಲಿಸಾರಿಯೊ ಮರುದಿನ ಒಂದು ಹಲಗೆಗೆ ಹಳದಿ ಬಣ್ಣ ಬಳಿದು, "ಟ್ರಿನಿ ಓಬಾಂಡೊ ಚಾಂಪಿಯನ್ನರಿಗೆ ಗೋಲು ಹೊಡೆದ ಜಾಗ" ಎಂದು ಬರೆದು ಬಾಗಿಲ ಮೇಲೆ ತೂಗುಹಾಕಿದ.

ಎದುರುಗಡೆಯ ದಿನಸಿ ಅಂಗಡಿಯ ಡೋನ್ಯಾ ಫೆಲಾ ಕೈಯಲ್ಲಿದ್ದ ಅಕ್ಕಿ ಅಳತೆ ಬಿಟ್ಟು ಹೊರಗೆ ಬಂದರು.

"ಏನ್ ಬರ್ದಿದ್ದೀರಿ ಡಾನ್ ಬೆಲಿಸಾರಿಯೊ? ಗೋಲು ಬಿದ್ದಿದ್ದು ನಮ್ಮ ಅಂಗಡೀಲಿ!"

"ನಿಮ್ಮ ಅಂಗಡಿ ಇರೋದು ಮೈದಾನದ ಆಚೆ ಡೋನ್ಯಾ ಫೆಲಾ. ಅಲ್ಲಿ ಎತ್ತು ಕಟ್ತಿದ್ರು."

"ಎತ್ತು ಕಟ್ತಿದ್ದಿದ್ದು ನಿಮ್ಮನೇಲಿ! ಈಗಲೂ ಒಂದು ಇದೆಯಲ್ಲ!"

ಸಂಜೆಯೊಳಗೆ ದಿನಸಿ ಅಂಗಡಿಯ ಮೇಲೂ ಹಲಗೆ ಬಂತು. ಮರುದಿನ ಟೈರ್ ಅಂಗಡಿಯವನು ಹಾಕಿದ. ಆಮೇಲೆ ಸೂಲಗಿತ್ತಿಯ ಮಗಳು, ಆಮೇಲೆ ಶವಪೆಟ್ಟಿಗೆ ಮಾಡುವ ಎರಾಕ್ಲಿಯೊ. ವಾರ ಕಳೆಯುವುದರೊಳಗೆ ಟ್ರಿನಿ ಓಬಾಂಡೊ ಒಂದೇ ಪಂದ್ಯದಲ್ಲಿ, ಐದು ಬೇರೆ ಬೇರೆ ದಿಕ್ಕುಗಳಿಗೆ, ಐದು ಗೋಲು ಹೊಡೆದಂತಾಯಿತು. ಚಾಂಪಿಯನ್ನರು ಅಷ್ಟು ಹೀನಾಯವಾಗಿ ಸೋತದ್ದು ಅವರಿಗೆ ಗೊತ್ತಾಗದೆ ಹೋದದ್ದೇ ಪುಣ್ಯ.

ಸಾಲದ್ದಕ್ಕೆ ಐದೂ ಮನೆಯವರು ಹೊಸ ವಿಳಾಸ ಬಳಸಲು ಶುರುಮಾಡಿದರು. "ಗೋಲಿನಿಂದ ಇಪ್ಪತ್ತೈದು ಮೀಟರ್ ಪೂರ್ವಕ್ಕೆ" ಎಂದರೆ ಯಾರ ಗೋಲು? ಅಡುಗೆ ಅನಿಲದವನು ಸಿಲಿಂಡರು ಹೊತ್ತುಕೊಂಡು ಕೇರಿಯನ್ನು ಪ್ರದಕ್ಷಿಣೆ ಹಾಕಿ, ಕೊನೆಗೆ ನನ್ನ ಅಂಗಡಿಯ ಮುಂದೆ ಕೂತು ಅಳುವ ಹಾಗಾದ. ಯಾರದೋ ಮದುವೆಯ ಮೂರು ಅಂತಸ್ತಿನ ಕೇಕು ಎರಾಕ್ಲಿಯೊನ ಶವಪೆಟ್ಟಿಗೆ ಅಂಗಡಿಗೆ ಬಂತು. ಅವನು ಬೇಡವೆನ್ನಲಿಲ್ಲ.

ಈ ಸುದ್ದಿ ಮೇಯರ್ ಡಾನ್ ಓಲ್ಮಾನ್ ಸೆಗುರಾರ ಕಿವಿಗೆ ಬಿತ್ತು. ಚುನಾವಣೆ ಹತ್ತಿರವಿತ್ತು. ಅವರು ಒಬ್ಬ ಎಂಜಿನಿಯರನ್ನು ಹಿಂದಿಟ್ಟುಕೊಂಡು ಕೇರಿಗೆ ಬಂದರು.

ರಾಜಧಾನಿಯಿಂದ ಬಂದಿದ್ದ ಎಂಜಿನಿಯರು ಪಾಪ, ಅಳತೆ ಟೇಪು ಬಿಚ್ಚಿಕೊಂಡು ಕೇಳಿದ: "ಮೈದಾನ ಅತ್ತಿಮರದಿಂದ ಶುರುವಾಗ್ತಿತ್ತು ಅಂದ್ರಲ್ಲ. ಅತ್ತಿಮರ ಎಲ್ಲಿದೆ?"

"ಅಲ್ಲೇ ಕಾಣ್ತಿದೆಯಲ್ಲ" ಎಂದು ಡೋನ್ಯಾ ಫೆಲಾ ಟೈರ್ ಅಂಗಡಿ ತೋರಿಸಿದರು.

"ಅದು ಟೈರ್ ಅಂಗಡಿ."

"ಹೂಂ, ಅದೇ ಅತ್ತಿಮರ."

ಎಂಜಿನಿಯರು ಟೇಪು ಮಡಚಿ ಜೇಬಿಗೆ ಹಾಕಿಕೊಂಡ. ಮೇಯರು ಗಂಟಲು ಸರಿಮಾಡಿಕೊಂಡು ಭಾಷಣ ಶುರುಮಾಡಿದರು. "ಮಹನೀಯರೇ, ಮಹಿಳೆಯರೇ! ನಮ್ಮ ಯೂಗೊ ಕ್ಲಬ್ಬಿನ ಗೋಲಿಗೆ ಐವತ್ತು ವರ್ಷ ತುಂಬುತ್ತಿದೆ. ಗೋಲು ಬಿದ್ದ ಜಾಗದಲ್ಲಿ ಎರಡಾಳೆತ್ತರದ ಸಿಮೆಂಟಿನ ಚೆಂಡು ನಿಲ್ಲಿಸ್ತೀವಿ. ನನ್ನ ಸೋದರಸಂಬಂಧಿ ಈಗಾಗಲೇ ಎರಕ ಹೊಯ್ದಿದ್ದಾನೆ."

ಆ ಸೋದರಸಂಬಂಧಿಯ ಕಸುಬು ಬಟ್ಟೆ ಒಗೆಯುವ ತೊಟ್ಟಿ ಮಾಡುವುದು. ಆದರೂ ಜನ ಚಪ್ಪಾಳೆ ತಟ್ಟಿದರು. ಐದು ಮನೆಯವರೂ "ನಮ್ಮಲ್ಲೇ, ನಮ್ಮಲ್ಲೇ!" ಎಂದು ಮುಂದೆ ನುಗ್ಗಿದರು.

"ಯಾರ ಮನೆಯಲ್ಲಿ ಗೋಲು ಬಿದ್ದಿದೆಯೋ ಆ ಪುಣ್ಯವಂತರು ಊರಿಗಾಗಿ ಸ್ವಲ್ಪ ತ್ಯಾಗ ಮಾಡಬೇಕಾಗುತ್ತೆ. ಚೆಂಡು ಕೂರೋವಷ್ಟು ಕಟ್ಟಡ ಮಾತ್ರ ಒಡೀತೀವಿ" ಎಂದರು ಮೇಯರು.

ಅಷ್ಟು ದೊಡ್ಡ ಗುಂಪು ಅಷ್ಟು ಬೇಗ ಮೌನವಾದದ್ದನ್ನು ನಾನು ಶುಭ ಶುಕ್ರವಾರದ ಪೂಜೆಯಲ್ಲೂ ಕಂಡಿಲ್ಲ.

ಮೊದಲು ಬಾಯಿ ಬಿಟ್ಟವರು ಡೋನ್ಯಾ ಫೆಲಾ. "ನ್ಯಾಯ ಹೇಳ್ಬೇಕು ಅಂದ್ರೆ, ನಮ್ಮ ಅಂಗಡಿ ಇರೋ ಕಡೆ ಎತ್ತು ಕಟ್ತಿದ್ರು. ಗೋಲು ಡಾನ್ ಬೆಲಿಸಾರಿಯೊ ಅವರ ಅಡುಗೆಮನೇಲೇ ಬಿದ್ದಿದ್ದು. ನಾನೇ ಕಣ್ಣಾರೆ ನೋಡಿದ್ದೀನಿ."

"ನಾನೂ ನೋಡಿದ್ದೀನಿ" ಎಂದ ಟೈರ್ ಅಂಗಡಿಯವನು. ಈ ಮಾತು ಹೇಳುವಾಗ ಅವನಿಗೆ ಮೂವತ್ತೆರಡು ವರ್ಷ ವಯಸ್ಸು.

"ಒಲೆ ಇರೋ ಕಡೆ" ಎಂದು ಸೂಲಗಿತ್ತಿಯ ಮಗಳು ಇನ್ನಷ್ಟು ಖಚಿತಪಡಿಸಿದಳು.

ಎರಾಕ್ಲಿಯೊ ಟೋಪಿ ತೆಗೆದು ಬೆಲಿಸಾರಿಯೊನ ಕೈ ಕುಲುಕಿದ. ಮೇಯರು ಅವನನ್ನು ತಬ್ಬಿಕೊಂಡರು. ಫೋಟೋ ತೆಗೆದರು. ಫೋಟೋದಲ್ಲಿ ಬೆಲಿಸಾರಿಯೊನ ಬಾಯಿ ತೆರೆದೇ ಇದೆ. ಹೊತ್ತು ಮುಳುಗುವುದರೊಳಗೆ ಕೇರಿಯಲ್ಲಿ ಉಳಿದದ್ದು ಒಂದೇ ಹಲಗೆ.

ಡೋನ್ಯಾ ಎರ್ಮಿನಿಯಾ ಕೂಗಾಡುವ ಹೆಂಗಸಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ನಾಲ್ಕು ಮಕ್ಕಳನ್ನ ಸಾಕಿದ್ದು ಈ ಒಲೆ. ನಿಮ್ಮಮ್ಮ ಕೊನೇ ಸಲ ಗಂಜಿ ಕುಡಿದಿದ್ದು ಇಲ್ಲೇ ಕೂತು. ಅಡುಗೆಮನೆ ಹೋದ ದಿನ ನಾನೂ ಪುಂತಾರೆನಾಸ್‌ಗೆ ನನ್ನ ತಂಗಿ ಮನೆಗೆ ಹೋಗ್ತೀನಿ. ಚೆಂಡಿನ ಜೊತೆ ಸಂಸಾರ ಮಾಡ್ಕೊಳ್ಳಿ" ಎಂದು ಹೇಳಿ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡರು. ಅಂದಿನಿಂದ ಬೆಲಿಸಾರಿಯೊನ ಊಟದ ತಟ್ಟೆ ಹೊರಗೆ ಜಗುಲಿಗೆ ಬರತೊಡಗಿತು. ಅನ್ನವೂ ಹುರುಳಿಕಾಳೂ ಇರುತ್ತಿದ್ದವು, ಮಾತು ಇರುತ್ತಿರಲಿಲ್ಲ. ಅವನು ನನ್ನ ಅಂಗಡಿಗೆ ಬಂದು ಹಳೆ ಬೂಟುಗಳ ಮಧ್ಯೆ ಕೂತುಕೊಳ್ಳುತ್ತಿದ್ದ.

"ಹೋಗಿ ಮೇಯರ್‌ಗೆ ನಿಜ ಹೇಳಿಬಿಡಪ್ಪಾ" ಎಂದೆ.

ಹೋದ. ನಾನೂ ಜೊತೆಗೆ ಹೋದೆ.

"ಸ್ವಾಮೀ, ಆ ಗೋಲು... ಒಂಚೂರು ಆಚೆ ಬಿದ್ದಿರಬಹುದು ಅನ್ನಿಸ್ತಿದೆ" ಎಂದ ಬೆಲಿಸಾರಿಯೊ.

"ಎಷ್ಟು ಆಚೆ?"

"ಮನೆಯಿಂದಾಚೆ."

ಮೇಯರು ನಕ್ಕು ಅವನ ಬೆನ್ನು ತಟ್ಟಿದರು. "ಎಂಥ ವಿನಯ ನಿಮ್ಮದು ಡಾನ್ ಬೆಲಿಸಾರಿಯೊ! ಬ್ಯಾಂಡಿನವರಿಗೆ ಹೇಳಿ ಆಯ್ತು, ಪಾದ್ರಿಗಳು ಒಪ್ಪಿದ್ದಾರೆ, ನಿಮ್ಮ ಭಾವ ರಾಜಧಾನಿಯಿಂದ ಎರಡು ಬಸ್ಸು ಜನ ಕರ್ಕೊಂಡು ಬರ್ತಿದ್ದಾರೆ. ಅಥವಾ ನೀವು ಹಲಗೆ ಮೇಲೆ ಸುಳ್ಳು ಬರೆದಿದ್ರಾ?"

ಹೂಂ ಎನ್ನಲು ಅದು ಒಳ್ಳೆಯ ಗಳಿಗೆ. ಆದರೆ ವಿನಿಸಿಯೊನ ಎರಡು ಬಸ್ಸು ಬೆಲಿಸಾರಿಯೊನ ಗಂಟಲಿಗೆ ಅಡ್ಡ ಬಂದವು. "ಸುಳ್ಳು ಯಾಕೆ ಬರೀಲಿ? ಆದ್ರೆ ಒಡೆಯೋಕೆ ಮುಂಚೆ ಟ್ರಿನಿ ಅವರನ್ನೇ ಕೇಳ್ಬೇಕು. ಹೊಡೆದವರು ಅವರು" ಎಂದುಬಿಟ್ಟ. ಮೇಯರಿಗೆ ಈ ಮಾತು ಹಿಡಿಸಿತು. ವೀರನೇ ಬಂದು ಜಾಗ ತೋರಿಸಿದರೆ ಪತ್ರಿಕೆಯವರೂ ಬರುತ್ತಾರೆ.

ಟ್ರಿನಿ ಓಬಾಂಡೊ ತುರಿಯಾಲ್ಬಾದಲ್ಲಿ ಮಗಳ ಮನೆಯಲ್ಲಿದ್ದರು. ಅವರು ನಮ್ಮೂರಿಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಸಮಾರಂಭದ ಬೆಳಿಗ್ಗೆ ಬಸ್ಸಿನಿಂದ ಇಳಿದರು. ನನ್ನ ಮನಸ್ಸಿನಲ್ಲಿ ಅವರು ಚರ್ಚಿನ ಬಾಗಿಲಷ್ಟು ಎತ್ತರವಿದ್ದರು. ಇಳಿದದ್ದು ಸಣ್ಣ ಮುದುಕ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೋಲು. ಬ್ಯಾಂಡು ಬಾರಿಸತೊಡಗಿತು, ಹಬ್ಬಕ್ಕೆ ಕಟ್ಟುವ ದೊಡ್ಡ ತಲೆಯ ವೇಷಗಳು ಕುಣಿದವು, ವಿನಿಸಿಯೊ ಎಲ್ಲರಿಗಿಂತ ಮುಂದೆ ನಿಂತು "ನಮ್ಮ ಮನೆ, ನಮ್ಮ ತಂಗಿ ಮನೆ" ಎಂದು ಪತ್ರಿಕೆಯವರಿಗೆ ಹೇಳುತ್ತಿದ್ದ. ಲಾರಿಯ ಮೇಲೆ ಚೆಂಡು ಕೂತಿತ್ತು. ಎಷ್ಟೇ ದುಂಡಗೆ ಮಾಡಿದರೂ ಅದರಲ್ಲಿ ಎಲ್ಲೋ ಬಟ್ಟೆ ತೊಟ್ಟಿಯ ಛಾಯೆ ಉಳಿದುಬಿಟ್ಟಿತ್ತು. ಗೋಡೆಯ ಪಕ್ಕದಲ್ಲಿ ಇಬ್ಬರು ಹಾರೆ ಹಿಡಿದು ನಿಂತಿದ್ದರು.

ಮುದುಕರು ಸುತ್ತ ನೋಡಿದರು. "ಮೈದಾನ ಎಲ್ಲಿ?"

"ಅದರ ಮೇಲೇ ನಿಂತಿದ್ದೀರಿ ಡಾನ್ ಟ್ರಿನಿ" ಎಂದೆ.

ಅವರು ಕೋಲಿನಿಂದ ಡಾಂಬರನ್ನು ಒಮ್ಮೆ ತಟ್ಟಿದರು.

ಮೇಯರು ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಹಿಂದೆ ನಾನು, ಬೆಲಿಸಾರಿಯೊ. ಡೋನ್ಯಾ ಎರ್ಮಿನಿಯಾ ಒಲೆಯ ಮುಂದೆ ನಿಂತಿದ್ದರು. ಮೂಲೆಯಲ್ಲಿ ಅವರ ಬಟ್ಟೆ ಪೆಟ್ಟಿಗೆ ಸಿದ್ಧವಾಗಿತ್ತು. ಬಂದವರು ಹಿರಿಯರು ಎಂದು ನೋಡಿ ಅವರು ಕುರ್ಚಿ ಎಳೆದು ಕೊಟ್ಟು, ಬಟ್ಟೆಯ ಚೀಲದಲ್ಲಿ ಕಾಫಿ ಸೋಸಿ, ಎಳೆ ಮೆಕ್ಕೆಜೋಳ ಅರೆದು ಹುಯ್ದ ದೋಸೆ ಬಡಿಸಿದರು.

"ಡಾನ್ ಟ್ರಿನಿ, ಇಲ್ಲೇ ಅಲ್ವಾ?" ಎಂದರು ಮೇಯರು.

"ತಡಿಯಪ್ಪಾ, ತಿಂತಿದ್ದೀನಿ." ಮುದುಕರು ಇನ್ನೊಂದು ದೋಸೆ ಹಾಕಿಸಿಕೊಂಡರು. "ತಾಯೀ, ಈ ಪೆಟ್ಟಿಗೆ ಯಾರದು?"

"ನನ್ನದು. ಇದನ್ನ ಒಡೆದ ಮೇಲೆ ನಾನಿಲ್ಲಿ ಯಾಕಿರಲಿ?"

"ಒಡೀತಾರಾ? ಒಲೇನಾ?"

"ನಿಮ್ಮ ಗೋಲಿಗೋಸ್ಕರ."

ಮುದುಕರು ತಟ್ಟೆಯಲ್ಲಿ ಉಳಿದದ್ದನ್ನು ನಿಧಾನವಾಗಿ ತಿಂದು ಮುಗಿಸಿದರು. ಕೋಲು ಊರಿ ಎದ್ದರು. ಹೊರಗೆ ಬಂದರು. ಬ್ಯಾಂಡು ನಿಂತಿತು. ಅವರು ಗೋಡೆ ದಾಟಿ, ಹಾರೆಯವರನ್ನು ದಾಟಿ, ವಿನಿಸಿಯೊನನ್ನು ದಾಟಿ ಹೋಗಿ ರಸ್ತೆಯ ನಟ್ಟ ನಡುವೆ ನಿಂತರು.

"ಇಲ್ಲಿ" ಎಂದರು.

"ಅದು ರಸ್ತೆ ಡಾನ್ ಟ್ರಿನಿ!" ಎಂದು ಮೇಯರು ಚೀರಿದರು. "ಅಲ್ಲಿ ಬಸ್ಸು ಓಡಾಡುತ್ತೆ!"

"ನಾನೇನು ಮಾಡ್ಲಪ್ಪಾ? ಆಗ ಬಸ್ಸಿರಲಿಲ್ಲ."

"ಸ್ವಲ್ಪ ಈ ಕಡೆ ಇರಬಹುದೇನೋ, ನೆನಪು ಮಾಡ್ಕೊಳ್ಳಿ..."

"ಹೊಡೆದವನು ನಾನೋ, ನೀನೋ?"

ಸರಿಯಾಗಿ ಆಗಲೇ ತುರಿಯಾಲ್ಬಾಕ್ಕೆ ವಾಪಸು ಹೋಗುವ ಬಸ್ಸು ಬಂದು ಹಾರ್ನ್ ಹೊಡೆಯಿತು. ಮುದುಕರು ಕದಲಲಿಲ್ಲ. ಕೋಲನ್ನು ನನ್ನ ಕೈಗೆ ಕೊಟ್ಟು, ಹಿಂದಕ್ಕೆ ಸರಿದು, ಇಲ್ಲದ ಚೆಂಡಿಗೆ ಬಲಗಾಲಿನಲ್ಲಿ ಒಂದು ಒದೆ ಕೊಟ್ಟರು. ಕಾಲು ಮೇಲೆ ಹೋದದ್ದು ಒಂದು ಗೇಣು. ಬೀಳುತ್ತಾರೇನೋ ಎಂದು ನಾನು ಹಿಡಿದುಕೊಂಡೆ.

"ಗೋಓಓಲ್!"

ಮೊದಲು ಕೂಗಿದ್ದು ಡೋನ್ಯಾ ಫೆಲಾ. ಆಮೇಲೆ ಕೇರಿಗೆ ಕೇರಿಯೇ ಕೂಗಿತು. ಅರವತ್ತು ದಾಟಿದವರು ಕೂಗಿದರು, ಹುಟ್ಟೇ ಇರದಿದ್ದ ಟೈರ್ ಅಂಗಡಿಯವನು ಕೂಗಿದ, ಬಸ್ಸಿನ ಚಾಲಕ ಇಳಿದು ಬಂದು ಏನು ಎತ್ತ ಎಂದು ಕೇಳದೆ ಕೂಗಿದ. ನಾನೂ ಕೂಗಿದೆ. ಅಪ್ಪ ಹೋಗಿ ಇಪ್ಪತ್ತು ವರ್ಷವಾಗಿತ್ತು. ಅವತ್ತು ನನ್ನ ಗಂಟಲಿನಿಂದ ಹೊರಟದ್ದು ಅವರ ದನಿ. ನನಗೆ ಕಣ್ಣಲ್ಲಿ ನೀರು ಬಂತು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ರಸ್ತೆ ಸರ್ಕಾರದ್ದು, ಅಗೆಯುವ ಹಾಗಿಲ್ಲ. ಹಾರೆಯವರು ಮನೆಗೆ ಹೋದರು. ಚೆಂಡು ಬಂದ ದಾರಿಯಲ್ಲೇ ಹಿಂದಿರುಗಿ ಮೇಯರ ಸೋದರಸಂಬಂಧಿಯ ಹಿತ್ತಲು ಸೇರಿತು. ವಿನಿಸಿಯೊ ತನ್ನ ಎರಡು ಬಸ್ಸು ಜನಕ್ಕೆ ಏನು ಹೇಳಿದನೋ ತಿಳಿಯದು, ಊಟಕ್ಕೂ ನಿಲ್ಲಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಮುದುಕರನ್ನು ಹತ್ತಿಸಲು ಬೆಲಿಸಾರಿಯೊ ಮತ್ತು ನಾನು ನಿಲ್ದಾಣಕ್ಕೆ ಹೋದೆವು. ಬೆಲಿಸಾರಿಯೊ ಬಹಳ ಹೊತ್ತು ಒದ್ದಾಡಿ ಕೊನೆಗೆ ಕೇಳಿದ: "ಡಾನ್ ಟ್ರಿನಿ, ನಿಜ ಹೇಳಿ. ಗೋಲು ರಸ್ತೇಲೇ ಬಿದ್ದಿದ್ದಾ?"

"ನನಗೇನು ಗೊತ್ತು ಮಾರಾಯಾ? ಯಾವನೋ ತಳ್ಳಿದ, ಮುಖ ಅಡಿಯಾಗಿ ಬಿದ್ದೆ. ಚೆಂಡು ಎಲ್ಲಿಂದಲೋ ಬಂದು ಬೆನ್ನಿಗೆ ಬಡೀತು. ಬಾಯಿ ತುಂಬ ಮಣ್ಣು. ನೀವೆಲ್ಲ ಕೂಗಿದ ಮೇಲೆ ನನಗೆ ಗೋಲು ಅಂತ ತಿಳೀತು."

"ಮತ್ತೆ ಬಲಗಾಲಲ್ಲಿ ಒದ್ದು ತೋರಿಸಿದ್ರಲ್ಲ!"

"ಅಷ್ಟು ಜನ ಕಾಯ್ತಿದ್ರು. ಬೆನ್ನು ತೋರಿಸಿದ್ರೆ ಚೆನ್ನಾಗಿರುತ್ತಾ?" ಮುದುಕರು ಕೋಲಿನ ಮೇಲೆ ಗಲ್ಲ ಊರಿದರು. "ನಮ್ಮ ಮನೇಲೂ ಅಂಥ ಒಲೆ ಇತ್ತು. ನನ್ನ ಹೆಂಡತಿ ಹೋದ ಮೇಲೆ ಮಗಳು ತೆಗೆಸಿಬಿಟ್ಟಳು. ಈಗ ಒಂದು ಗುಂಡಿ ಒತ್ತಿದ್ರೆ ಕಾಫಿ ಬರುತ್ತೆ. ನಾನು ಒತ್ತೋದಿಲ್ಲ." ಸ್ವಲ್ಪ ತಡೆದು ಮತ್ತೆ ಹೇಳಿದರು. "ಆದ್ರೆ ಆ ಕೂಗು ಇತ್ತಲ್ಲ, ಎಷ್ಟೋ ರಾತ್ರಿ ಕಿವೀಲಿ ಕೇಳ್ತಿತ್ತು. ಬರಬರ್ತಾ ಸಣ್ಣಗಾಗಿತ್ತು. ಇವತ್ತು ಮತ್ತೆ ಕೇಳಿಸ್ತು."

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತರು. ಬಸ್ಸು ಹೊರಟು ಒಂದು ಹತ್ತು ಮಾರು ಹೋಗಿರಬೇಕು, ಬೆಲಿಸಾರಿಯೊ ಟೋಪಿ ಕಿತ್ತುಕೊಂಡು ಅದರ ಹಿಂದೆ ಓಡತೊಡಗಿದ. "ಗೋಲ್! ಡಾನ್ ಟ್ರಿನಿ, ಗೋಓಓಲ್!" ಎಂದು ಒಬ್ಬನೇ ಕೂಗುತ್ತ, ತಿರುವಿನವರೆಗೂ ಓಡಿದ. ಬಸ್ಸಿನಲ್ಲಿದ್ದವರೆಲ್ಲ ಎದ್ದು ನೋಡಿದರು. ಕಿಟಕಿಯಿಂದ ಒಂದು ಕೈ ಹೊರಗೆ ಬಂದು, ಬಸ್ಸು ಮರೆಯಾಗುವವರೆಗೂ ಒಳಗೆ ಹೋಗಲಿಲ್ಲ.

ಏದುಸಿರು ಬಿಡುತ್ತ ಮನೆಗೆ ಬಂದ ಬೆಲಿಸಾರಿಯೊ ಎಂದಿನಂತೆ ಜಗುಲಿಯ ಮೇಲೆ ಕೂತ. ನಾನು ಬೇಲಿಯ ಆಚೆ ನಿಂತೆ. ಒಳಗಿನಿಂದ ಡೋನ್ಯಾ ಎರ್ಮಿನಿಯಾರ ದನಿ ಬಂತು.

"ನಿಲ್ದಾಣದಲ್ಲಿ ಹಾಗೆ ಅರಚಿಕೊಂಡಿದ್ದು ನೀವೇನಾ? ಇಲ್ಲಿಗೆ ಕೇಳಿಸ್ತು."

"ಏನಿಲ್ಲ. ಒಂದು ಲೋಟ ಕಾಫಿ ಇದ್ರೆ..."

ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು, ಬಟ್ಟೆಗಳನ್ನು ತೆಗೆದು ಇಡುವ ಸದ್ದು ಕೇಳಿಸಿತು.

"ಅಲ್ಲಿಗೆ ಯಾರು ತಂದ್ಕೊಡ್ತಾರೆ? ಒಳಗೆ ಬನ್ನಿ, ಒಲೆ ಹತ್ರ ಕೂತ್ಕೊಳ್ಳಿ."